ಎರಡನೆಯ ಹಾಳೆ

ಎರಡನೆಯ ಸಲ ಓದಿದಾಗಲೂ ಆ ಪತ್ರದ ವಿನಯದಲ್ಲಿ ಒಂದಿಷ್ಟೂ ಕೊರತೆ ಕಾಣಲಿಲ್ಲ. 'ಕಳೆದ ತಿಂಗಳು ಶಾಲಾ ಬಸ್ಸುಗಳ ಪಟ್ಟಿಯನ್ನು ಅಷ್ಟು ಬೇಗ ಕಳಿಸಿಕೊಟ್ಟದ್ದಕ್ಕೆ ತುಂಬಾ ಧನ್ಯವಾದ. ಇನ್ನೊಂದು ಸಣ್ಣ ವಿವರ ಬೇಕಿತ್ತು. ಸ್ಟೂರ್‌ಮೀರನ್ ಕಾಡುದಾರಿಯ ತಿರುವಿನಲ್ಲಿ ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ ನಿಲ್ಲುತ್ತದೆ? ನಿಮ್ಮ ದಿನ ಚೆನ್ನಾಗಿರಲಿ.' ಕೆಳಗೆ ಹೆಸರಿಲ್ಲ. ಇಮೇಲ್ ವಿಳಾಸದಲ್ಲೂ ಬರೀ ಅಂಕಿಗಳು.

ಗುನ್ವೋರ್ ಕನ್ನಡಕ ತೆಗೆದು, ಸ್ವೆಟರಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಗ್ರಾನ್‌ಸೆಲೆ ಪುರಸಭೆಯ ದಾಖಲೆ ವಿಭಾಗದಲ್ಲಿ ಅವಳಿಗಿದು ಮೂವತ್ತೊಂದನೆಯ ವರ್ಷ. ಇಂಥ ಪತ್ರಗಳಿಗೆ ಉತ್ತರ ಕೊಡುವುದೇ ಅವಳ ಕೆಲಸ. ಯಾರು ಬೇಕಾದರೂ ಯಾವ ಕಾಗದವನ್ನು ಬೇಕಾದರೂ ಕೇಳಬಹುದು. ಕೇಳಿದವರನ್ನು 'ನೀನು ಯಾರಪ್ಪ, ನಿನಗ್ಯಾಕೆ ಇದು' ಅನ್ನುವ ಹಾಗಿಲ್ಲ; ಕಾನೂನೇ ಬಾಯಿಗೆ ಬೀಗ ಹಾಕಿದೆ. ಗುಟ್ಟಿನ ಸಂಗತಿ ಇಲ್ಲವೆಂದಾದರೆ ತಡಮಾಡದೆ ಕೊಟ್ಟುಬಿಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಹೇಳಿಕೊಡುವಾಗ ಅವಳ ದನಿ ಸ್ವಲ್ಪ ಎತ್ತರವಾಗುತ್ತಿತ್ತು. ಪುರಸಭೆಯ ಅಧ್ಯಕ್ಷನ ಹೋಟೆಲು ಬಿಲ್ಲುಗಳನ್ನು ಒಬ್ಬ ಪತ್ರಕರ್ತ ಕೇಳಿದ್ದಾಗ ಅವಳು ಹನ್ನೊಂದು ನಿಮಿಷದಲ್ಲಿ ಕೊಟ್ಟಿದ್ದಳು. ಅಧ್ಯಕ್ಷ ಆರು ತಿಂಗಳು ಅವಳ ಹತ್ತಿರ ಮಾತು ಬಿಟ್ಟಿದ್ದ. ಆ ಆರು ತಿಂಗಳು ಅವಳಿಗೆ ಬಹಳ ಸುಖವಾಗಿತ್ತಂತೆ.

ಆದರೆ ಸ್ಟೂರ್‌ಮೀರನ್ ತಿರುವು ಅನ್ನುವ ನಿಲ್ದಾಣ ಪುರಸಭೆಯ ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಕಂಬವಿಲ್ಲ, ಬೋರ್ಡಿಲ್ಲ. ಹಿಮ ತಳ್ಳುವ ಗಾಡಿ ಹಿಂದೆ ಮುಂದೆ ಆಗಿ ತಿರುಗಿಕೊಳ್ಳುವ ಒಂದು ಅಗಲವಾದ ಜಾಗ, ಅದರಾಚೆ ಜೌಗು, ಅದರಾಚೆ ಸ್ಪ್ರೂಸ್ ಮರಗಳು. ಅಲ್ಲಿ ಬಸ್ಸು ನಿಲ್ಲುತ್ತದೆ ಎಂಬ ಮಾತು ಕಂಪ್ಯೂಟರಿನಲ್ಲಿ ಬರೆದದ್ದು ಇಡೀ ಪುರಸಭೆಯಲ್ಲಿ ಒಂದೇ ಒಂದು ಕಡೆ. ಬರೆದವಳು ಗುನ್ವೋರ್.

ಅವಳು ಕಳೆದ ತಿಂಗಳು ಕಳಿಸಿದ ಉತ್ತರವನ್ನು ಹುಡುಕಿದಳು. ಜೊತೆಗೆ ಹೋದ ಫೈಲನ್ನು ತೆರೆದಳು. ಮೊದಲ ಹಾಳೆಯಲ್ಲಿ ನಿಲ್ದಾಣಗಳ ಹೆಸರು, ಒಂದೊಂದರಲ್ಲಿ ಎಷ್ಟು ಮಕ್ಕಳು, ಎಷ್ಟು ಕಿಲೋಮೀಟರು. ಅಷ್ಟೇ, ಹೆಸರುಗಳಿಲ್ಲ. ಅದನ್ನು ಅವಳು ಸಾಲು ಸಾಲಾಗಿ ಬೆರಳಿಟ್ಟು ಪರೀಕ್ಷಿಸಿಯೇ ಕಳಿಸಿದ್ದಳು. ಪರದೆಯ ಕೆಳಗೆ ಎಡ ಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಎರಡು ಚೌಕಗಳಿದ್ದವು. ಎರಡನೆಯದರ ಮೇಲೆ 'ನೆನಪಿಗೆ' ಎಂದಿತ್ತು. ಒತ್ತಿದಳು. ಇನ್ನೊಂದು ಹಾಳೆ, ಅದರಲ್ಲಿ ಒಂದೇ ಸಾಲು.

'ತೂವಾ, 8 ವರ್ಷ. ಸ್ಟೂರ್‌ಮೀರನ್ ಕಾಡುದಾರಿಯ ತಿರುವು, ಹಿಮದ ಗಾಡಿ ತಿರುಗುವ ಜಾಗ. ತಾಯಿ ಶಾಲೆಯ ಅಡುಗೆಮನೆಯಲ್ಲಿದ್ದಾಳೆ, ಬಸ್ಸು ತಡವಾದರೆ ಈ ನಂಬರಿಗೆ ಫೋನ್ ಮಾಡಿ.' ಮುಂದೆ ನಂಬರು. ಕೊನೆಯಲ್ಲಿ, 'ದಯವಿಟ್ಟು ಮಗುವನ್ನು ಚಳಿಯಲ್ಲಿ ನಿಲ್ಲಿಸಬೇಡಿ!'

ಬಾಗಿಲಲ್ಲಿ ಸಿಕ್ಸ್ಟೆನ್ ನಿಂತಿದ್ದ, ಕೈಯಲ್ಲಿ ಕಾಫಿಯ ಬಟ್ಟಲು. ಪುರಸಭೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೊಬ್ಬನೇ. ಗಡ್ಡಕ್ಕೆ ಸಕ್ಕರೆ ಪುಡಿ ಮೆತ್ತಿತ್ತು.

"ಏನೇ ಚಾಂಪಿಯನ್, ಕಾಫಿಗೆ ಬರಲ್ವಾ? ಬಾದಾಮಿ ಬನ್ನು ಎರಡೇ ಉಳಿದಿರೋದು. ಅನ್ನೆಲಿ ಅದರ ಸುತ್ತಾನೇ ಓಡಾಡ್ತಿದಾಳೆ."

ಚಾಂಪಿಯನ್ ಅನ್ನುವುದಕ್ಕೆ ಕಾರಣವಿತ್ತು. ಮೂರು ತಿಂಗಳಿಗೊಮ್ಮೆ ಸಿಕ್ಸ್ಟೆನ್ ಎಲ್ಲರಿಗೂ ಮೋಸದ ಇಮೇಲುಗಳನ್ನು ತಾನೇ ಬರೆದು ಕಳಿಸುತ್ತಿದ್ದ. ಯಾರು ಬೀಳುತ್ತಾರೆ, ಯಾರು ಏಳುತ್ತಾರೆ ನೋಡಲಿಕ್ಕೆ. ಪುಕ್ಕಟೆ ಸಿನಿಮಾ ಟಿಕೆಟ್ಟಿನ ಆಸೆಗೆ ಆಡಳಿತಾಧಿಕಾರಿ ಅನ್ನೆಲಿ ಮೂರು ಸಲ ಬಿದ್ದಿದ್ದಳು. ಗುನ್ವೋರ್ ಒಂದು ಸಲವೂ ಬಿದ್ದವಳಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟವಳಲ್ಲ, ಎದ್ದು ಹೋಗುವಾಗ ಪರದೆಗೆ ಬೀಗ ಹಾಕದೆ ಹೋದವಳಲ್ಲ.

"ಸಿಕ್ಸ್ಟೆನ್, ಕಳಿಸಿದ ಇಮೇಲನ್ನ ವಾಪಸ್ ಎಳ್ಕೊಳ್ಳೋಕಾಗುತ್ತಾ?"

"ಯಾವಾಗ ಕಳಿಸಿದ್ದು?"

"ಇಪ್ಪತ್ತೆರಡು ದಿನ ಆಯ್ತು."

ಅವನು ನಕ್ಕ. "ಇಪ್ಪತ್ತೆರಡು ಸೆಕೆಂಡು ಅಂದಿದ್ರೆ ಒಂದು ಕೈ ನೋಡ್ತಿದ್ದೆ. ನಾನು ಕಂಪ್ಯೂಟರ್ ರಿಪೇರಿಯವನು ಕಣೆ, ಪವಾಡ ಮಾಡೋದು ಎದುರಿನ ಚರ್ಚಿನಲ್ಲಿ." ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಬಟ್ಟಲನ್ನು ಕಪಾಟಿನ ಮೇಲಿಟ್ಟು ಅವಳ ಬೆನ್ನ ಹಿಂದೆ ಬಂದು ಬಗ್ಗಿದ. ಒಂದು ಸಾಲು ಓದಲು ಎಷ್ಟು ಹೊತ್ತು ಬೇಕು? ಅವನು ಅದಕ್ಕಿಂತ ಬಹಳ ಹೊತ್ತು ಹಾಗೇ ಬಗ್ಗಿದ್ದ.

"ಈ ಮಗು..." ಅಂದ.

"ಹೂಂ. ಗುಟ್ಟಿನ ಗುರುತಿನ ಮಗು."

ಮಲೀನ್ ಮತ್ತು ಅವಳ ಮಗಳು ಗ್ರಾನ್‌ಸೆಲೆಗೆ ಬಂದದ್ದು ಕಳೆದ ಆಗಸ್ಟಿನಲ್ಲಿ. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಯಾರಿಂದ ಎಂಬುದು ಮಾತ್ರ ಗೊತ್ತಿದ್ದವರಿಗೆ ಗೊತ್ತಿತ್ತು: ಗಂಡನಾಗಿದ್ದವನಿಂದ. ಮಲೀನಳ ಎಡಗೈ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಊರೂರಿನ ಜನರ ಹೆಸರು ವಿಳಾಸ ಬರೆದಿಡುವ ತೆರಿಗೆ ಕಚೇರಿ ಅವರಿಬ್ಬರ ಹೆಸರಿನ ಮುಂದೆ ಒಂದು ಗುರುತು ಹಾಕಿತ್ತು. ಆ ಗುರುತು ಇದ್ದವರು ಯಾವ ಪಟ್ಟಿಯಲ್ಲೂ ಮೂಡುವುದಿಲ್ಲ. ಯಂತ್ರ ಅವರನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಹಾಗಾಗಬೇಕಾದದ್ದೂ ಸರಿಯೇ.

ಎಡವಟ್ಟಾದದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ಮಲೀನಳೇ ಮಗಳನ್ನು ಸೈಕಲ್ಲಿನಲ್ಲಿ ಕರೆತರುತ್ತಿದ್ದಳು. ಹಿಮ ಬಿದ್ದ ಮೇಲೆ ತೂವಾ ಬಸ್ಸಿಗೆ ಬರಬೇಕಾಯಿತು. ಯಂತ್ರ ನುಂಗಿಕೊಂಡ ಮಗು ಡ್ರೈವರನ ಪಟ್ಟಿಯಲ್ಲಿ ಹೇಗೆ ಮೂಡೀತು? ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿದ್ದ ಎರಡು ಬೆಳಿಗ್ಗೆ ಬಸ್ಸು ಆ ಮಗುವಿನ ಮುಂದೆಯೇ ಹಾದುಹೋಯಿತು. ಗಾಜು ಮಂಜುಗಟ್ಟಿದ್ದರಿಂದ ಡ್ರೈವರಿಗೆ ಅದು ಕಾಣಲೂ ಇಲ್ಲ. ಎರಡನೆಯ ದಿನ ಮಲೀನ್ ಮಗಳ ಕೈ ಹಿಡಿದುಕೊಂಡು ಗುನ್ವೋರಳ ಕಿಟಕಿಯ ಮುಂದೆ ನಿಂತಿದ್ದಳು. ಜಗಳವಾಡಲಿಲ್ಲ, ದನಿ ಎತ್ತಲಿಲ್ಲ. "ಇದಕ್ಕೆ ಏನಾದ್ರೂ ಮಾಡೋಕಾಗುತ್ತಾ?" ಅಂದಳು ಅಷ್ಟೇ. ಮಗುವಿನ ಕೆನ್ನೆಯ ಮೇಲೆ ನಾಣ್ಯದಷ್ಟಗಲದ ಬಿಳಿ ಕಲೆ ಇತ್ತು, ಚಳಿ ಕಚ್ಚಿದ್ದು.

ಮಾಡುವುದಕ್ಕೆ ಒಂದು ಕ್ರಮವಿತ್ತು. ಹೆಡ್ ಮಾಸ್ತರು ಕಾಗದದಲ್ಲಿ ಕೈಯಾರೆ ಬರೆದು, ಲಕೋಟೆ ಅಂಟಿಸಿ, ಡ್ರೈವರನ ಕೈಗೇ ಕೊಡಬೇಕು. ಅದಕ್ಕೆ ಮೂರು ಸಹಿ, ಎರಡು ವಾರ. ಗುನ್ವೋರಳಿಗೆ ಆ ಬಿಳಿ ಕಲೆಯನ್ನು ನೋಡಿ ಎರಡು ವಾರ ತಡೆದುಕೊಳ್ಳಲಾಗಲಿಲ್ಲ. ಬಸ್ಸಿನ ಪಟ್ಟಿ ತೆರೆದಳು, ಹಿಂದೆ ಒಂದು ಹಾಳೆ ಸೇರಿಸಿದಳು, ಒಂದು ಸಾಲು ಹೊಡೆದಳು, ಡ್ರೈವರಿಗೆ ಕಳಿಸಿದಳು. ಮರುದಿನ ಬಸ್ಸು ನಿಂತಿತು. ಮಲೀನ್ ಕಿಟಕಿಗೆ ಬಂದು ಒಂದು ಡಬ್ಬಿ ಶುಂಠಿ ಬಿಸ್ಕತ್ತು ಕೊಟ್ಟು ಹೋದಳು. ಎರಡು ವಾರದ ಮೇಲೆ ಲಕೋಟೆಯೂ ಡ್ರೈವರನ ಕೈ ಸೇರಿತು. ಆ ಸಾಲನ್ನು ಅಳಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ, 'ನೆನಪಿಗೆ' ಎಂದು ಬರೆದಿಟ್ಟವಳಿಗೂ.

"ಕಾಗದದಲ್ಲಿ ಕೊಟ್ಟಿದ್ರೆ ಸಾಕಿತ್ತಲ್ಲ ಗುನ್ವೋರ್," ಸಿಕ್ಸ್ಟೆನ್ ಮೆಲ್ಲಗೆ ಹೇಳಿದ. "ಅಚ್ಚು ಹಾಕು, ಅದರ ಚಿತ್ರ ತೆಗಿ, ಚಿತ್ರ ಕಳಿಸು. ಅಂತ ಪ್ರಿಂಟರಿನ ಮೇಲೆ ಅಂಟಿಸಿದೀನಿ. ನೀನೇ ತಾನೆ ಅಕ್ಷರ ತಿದ್ದಿ ಕೊಟ್ಟಿದ್ದು."

"ಗೊತ್ತು ಕಣೋ. ಆ ಮನುಷ್ಯ ಅಷ್ಟು ಚೆನ್ನಾಗಿ ಕೇಳಿದ್ದ. ಬಸ್ಸಿನ ಗುತ್ತಿಗೆಗೆ ಅರ್ಜಿ ಹಾಕ್ಬೇಕು, ಅಂಕಿಗಳನ್ನ ಕೂಡಿಸಿ ಕಳೀಬೇಕು, ಫೈಲನ್ನೇ ಕಳಿಸಿದ್ರೆ ದೊಡ್ಡ ಉಪಕಾರ ಅಂತ. ಪಾಪ, ಇಷ್ಟೆಲ್ಲ ಅಂಕಿ ಮತ್ತೆ ಹೊಡ್ಕೋಬೇಕಲ್ಲ ಅನ್ನಿಸ್ತು."

"ನಮಗೊಬ್ಬರಿಗೇ ಬರೆದಿರಲ್ಲ ಅವನು." ಸಿಕ್ಸ್ಟೆನ್ ಗಡ್ಡ ಉಜ್ಜಿಕೊಂಡ. ಸಕ್ಕರೆ ಉದುರಿತು. "ದೇಶದಲ್ಲಿ ಇನ್ನೂರ ತೊಂಬತ್ತು ಪುರಸಭೆ. ಎಲ್ಲರಿಗೂ ಇದೇ ಪತ್ರ ಹೋಗಿರತ್ತೆ. ಇದೇ ಧನ್ಯವಾದ, ಇದೇ ಶುಭ ದಿನ. ಕೂತ್ಕೊಂಡು ಒಂದೊಂದೇ ಫೈಲು ತೆಗೆದು ನೋಡಿದಾನೆ. ಏನು ತಾಳ್ಮೆ ಮಾರಾಯ್ತಿ."

ಅನ್ನೆಲಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೂವರೂ ನಿಂತರು. ಕೂತುಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ಅನ್ನೆಲಿ ಪೊಲೀಸರಿಗೆ ಫೋನ್ ಮಾಡಿದಳು. ಹತ್ತಿರದ ಗಾಡಿ ತೊಂಬತ್ತು ಕಿಲೋಮೀಟರು ದೂರದಲ್ಲಿತ್ತು. ಲಾರಿಯೊಂದು ಹಿಮದಲ್ಲಿ ಮಗುಚಿ ಬಿದ್ದು ರಸ್ತೆ ಅರ್ಧ ಮುಚ್ಚಿತ್ತು. ಬರುತ್ತೇವೆ, ಆದರೆ ಒಂದೂವರೆ ಗಂಟೆಯಾದರೂ ಬೇಕು ಅಂದರು. ಮಲೀನಳ ಹೊಣೆ ಹೊತ್ತಿದ್ದ ಸಮಾಜ ಕಲ್ಯಾಣದ ಅಧಿಕಾರಿ ಯಾವುದೋ ತರಬೇತಿಗೆ ಹೋಗಿದ್ದಳು, ಫೋನ್ ಎತ್ತಲಿಲ್ಲ. ಕೊನೆಗೆ ಅನ್ನೆಲಿ ಹೆನ್ನಿಂಗನಿಗೆ ಮಾಡಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು. ಐದು ಪುರಸಭೆಗಳ ಜನರ ಮಾಹಿತಿ ಸೋರಿಹೋಗದಂತೆ ನೋಡಿಕೊಳ್ಳುವ ಕೆಲಸ ಹೆನ್ನಿಂಗನದು. ವಾರಕ್ಕೆ ಒಂದು ಊರಿನಂತೆ ಸುತ್ತುತ್ತಿದ್ದ.

"ಎಷ್ಟು ಜನರ ಮಾಹಿತಿ ಹೋಗಿದೆ?"

"ಇಬ್ಬರದು," ಅಂದಳು ಅನ್ನೆಲಿ.

"ಇಬ್ಬರೇನಾ? ಒಳ್ಳೇದಾಯ್ತು."

"ಒಳ್ಳೇದಾ?" ಗುನ್ವೋರ್ ಕೇಳಿದಳು.

"ಫಾರ್ಮಿನ ಲೆಕ್ಕದಲ್ಲಿ ಹೇಳ್ದೆ. ಕಮ್ಮಿ ಜನ ಅಂತ ಒಂದು ಚೌಕ ಇದೆ. ಗೊತ್ತಾದ ಹೊತ್ತಿಂದ ಎಪ್ಪತ್ತೆರಡು ಗಂಟೆ ಒಳಗೆ ಮೇಲಿನವರಿಗೆ ತಿಳಿಸ್ಬೇಕು. ಅಪಾಯ ಎಷ್ಟು ಅಂತ ಬರೀಬೇಕು. ಸ್ವಲ್ಪ, ಮಧ್ಯಮ, ಹೆಚ್ಚು..." ಅವನು ತಡೆದ. ಆಚೆ ಕಡೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. "ಆ ಮಗು ಈಗ ಎಲ್ಲಿದೆ?"

"ಶಾಲೇಲಿ. ತಾಯಿನೂ ಅಲ್ಲೇ, ಅಡುಗೆಮನೇಲಿ."

"ತಾಯಿಗೆ ಹೇಳಿದೀರಾ?"

"ಅದನ್ನ ಹೇಳ್ಬೇಕಾದವಳು ಕಲ್ಯಾಣ ಅಧಿಕಾರಿ," ಅನ್ನೆಲಿ ಅಂದಳು. "ಇಂಥದ್ದನ್ನ ಹೇಗೆ ಹೇಳ್ಬೇಕು ಅಂತ ಕಲಿತವರು ಅವರು. ನಾವು ಹೋಗಿ ಏನೋ ಅಂದು ಇನ್ನೊಂದೇನೋ ಆಗಿ..."

"ಬಸ್ಸು ಎರಡು ಹತ್ತಕ್ಕೆ ಹೊರಡುತ್ತೆ," ಗುನ್ವೋರ್ ಅಂದಳು.

ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ.

"ನೀವು ಫೋನ್ ಇಡಿ," ಹೆನ್ನಿಂಗ್ ಹೇಳಿದ, ದನಿಯೇ ಬೇರೆಯಾಗಿತ್ತು. "ಫಾರ್ಮು ನಾನು ತುಂಬ್ಕೋತೀನಿ."

ಗುನ್ವೋರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅನ್ನೆಲಿ ಅವಳ ಹಿಂದೆಯೇ ಬಂದಳು. "ಗುನ್ವೋರ್, ಆ ಎರಡನೇ ಪತ್ರಕ್ಕೆ ಏನು ಮಾಡೋದೇ? ಉತ್ತರ ಕೊಡದೇ ಇದ್ರೆ ನಾಳೆ ದೂರು ಬರಬಹುದು."

ಸಿಕ್ಸ್ಟೆನ್ ಅವಳನ್ನು ದುರುಗುಟ್ಟಿ ನೋಡಿದ. "ದೂರು ಬರ್ಲಿ. ನನ್ನ ಹೆಸರಿಗೆ ಬರ್ಲಿ."

ಶಾಲೆ ಪುರಸಭೆಯ ಹಿಂದಿನ ಮೈದಾನದಾಚೆ. ಐದು ನಿಮಿಷದ ನಡಿಗೆ. ಸೂರ್ಯ ಅಷ್ಟು ಹೊತ್ತಿಗೆ ಮರಗಳ ತುದಿಗಿಂತ ಒಂದು ಗೇಣು ಮೇಲೆ ಬಂದು, ಇನ್ನು ಮೇಲೇರುವ ಮನಸ್ಸಿಲ್ಲದೆ ಅಲ್ಲೇ ನಿಂತಿದ್ದ. ಗುನ್ವೋರ್ ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಳು. 'ಮಲೀನ್, ಒಂದು ವಿಷಯ ಆಗಿದೆ.' ಅಲ್ಲ. 'ಮಲೀನ್, ನನ್ನಿಂದ ಒಂದು ತಪ್ಪಾಗಿದೆ.' ಇದೂ ಅಲ್ಲ. ತಪ್ಪಾಗುವುದು ಕಾಫಿ ಚೆಲ್ಲಿದಾಗ. ಶಾಲೆಯ ನಿಲುಗಡೆಯಲ್ಲಿ ನಿಂತಿದ್ದ ಕಾರುಗಳನ್ನು ಒಂದೊಂದಾಗಿ ನೋಡಿದಳು. ನಾಲ್ಕು ಗೊತ್ತಿದ್ದವು. ಐದನೆಯದು ಬೂದು ಬಣ್ಣದ್ದು, ಗೊತ್ತಿರಲಿಲ್ಲ. ಹತ್ತಿರ ಹೋಗಿ ಕಿಟಕಿಯಿಂದ ಬಗ್ಗಿ ನೋಡಿದಳು. ಹಿಂದಿನ ಸೀಟಿನಲ್ಲಿ ಸಂಗೀತದ ಮೇಷ್ಟರ ಪಿಟೀಲು ಪೆಟ್ಟಿಗೆ ಕಂಡಿತು. ಶಾಲೆಯ ಬಾಗಿಲ ಕಡೆ ನಡೆದಳು.

ಗುರುವಾರವಾದ್ದರಿಂದ ವಾಡಿಕೆಯಂತೆ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕು. ಊಟದ ಕೋಣೆಯ ತುಂಬ ಒದ್ದೆ ಉಣ್ಣೆಯ ವಾಸನೆ, ಸಾಸಿವೆಯ ವಾಸನೆ, ಇನ್ನೂರು ಮಕ್ಕಳ ಗದ್ದಲ. ಮಲೀನ್ ಬಿಳಿ ಟೊಪ್ಪಿ ಹಾಕಿಕೊಂಡು ಕಟ್ಟೆಯ ಹಿಂದೆ ನಿಂತು ಬಲಗೈಯಿಂದ ಬಡಿಸುತ್ತಿದ್ದಳು. "ಇನ್ನೊಂದು ಬೇಕಾ? ಸೂಪು ಮುಗಿಸ್ದೆ ಇನ್ನೊಂದಿಲ್ಲ. ಏಯ್, ನೀನು ಆಗ್ಲೇ ಎರಡು ಸಲ ಬಂದೆ, ಟೊಪ್ಪಿ ಬದಲಾಯಿಸ್ಕೊಂಡು ಬಂದ್ರೆ ಗೊತ್ತಾಗಲ್ವಾ ನಂಗೆ?" ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ಆಗಸ್ಟಿನಲ್ಲಿ ಬಂದವಳು ಹೀಗೆ ತಮಾಷೆ ಮಾಡುತ್ತಿರಲಿಲ್ಲ. ಬೆನ್ನನ್ನು ಯಾವಾಗಲೂ ಗೋಡೆಗೆ ಕೊಟ್ಟು ನಿಲ್ಲುತ್ತಿದ್ದಳು ಎಂದು ಅಡುಗೆಯವರು ಹೇಳುತ್ತಿದ್ದರು.

ಅವಳು ತಲೆ ಎತ್ತಿದಳು. ಗುನ್ವೋರ್ ಇನ್ನೂ ಬಾಗಿಲ ಹತ್ತಿರವೇ ಇದ್ದಳು, ಬಾಯಿ ತೆರೆದಿರಲಿಲ್ಲ. ಮಲೀನ್ ಕೈಯಲ್ಲಿದ್ದ ಪ್ಯಾನ್‌ಕೇಕನ್ನು ಮುಂದಿದ್ದ ಮಗುವಿನ ತಟ್ಟೆಗೆ ಹಾಕಿ, ಸೌಟನ್ನು ಪಕ್ಕದವಳಿಗೆ ಕೊಟ್ಟು, ಆಲೂಗಡ್ಡೆ ಇಡುವ ಕೋಣೆಯ ಕಡೆ ತಲೆಯಾಡಿಸಿದಳು.

ಒಳಗೆ ಮಣ್ಣಿನ ತಂಪು. ಬಾಗಿಲು ಮುಚ್ಚಿದ ಮೇಲೆ ಮಲೀನ್ ಕೇಳಿದಳು: "ಅವನಿಗೆ ಸಿಕ್ಕಿದ್ದು ಊರಿನ ಹೆಸರೊಂದೇನಾ, ಇಲ್ಲಾ ಮನೆಯದ್ದೂನಾ?"

ಗುನ್ವೋರ್ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬೇಡವಾದವು. "ಬಸ್ಸು ನಿಲ್ಲೋ ಜಾಗ. ಈ ಅಡುಗೆಮನೆ. ನಿನ್ನ ಫೋನ್ ನಂಬರು."

"ಎಷ್ಟು ದಿನ ಆಯ್ತು?"

"ಇಪ್ಪತ್ತೆರಡು. ಗೊತ್ತಾಗಿದ್ದು ಈಗ, ಒಂದು ಗಂಟೆ ಹಿಂದೆ. ಇವತ್ತು ಇನ್ನೊಂದು ಪತ್ರ ಬಂತು. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದಾನೆ."

ಮಲೀನ್ ಆಲೂಗಡ್ಡೆ ಚೀಲದ ಮೇಲೆ ಕೂತಳು. "ಹಾಗಾದ್ರೆ ಆ ಫೋನುಗಳು ಅವನವೇ. ಮೂರು ಸಲ ಬಂತು. ಎತ್ತಿದ್ರೆ ಮಾತಿಲ್ಲ. ಯಾರೋ ಏನೋ ಮಾರೋರು ಅಂದ್ಕೊಂಡು ಇಟ್ಬಿಟ್ಟೆ." ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಬಿಟ್ಟಳು. "ಮೂರನೇ ಸಲ ಬೈದೆ ಬೇರೆ. ನನ್ನ ದನಿ ಕೇಳ್ಸಿದೀನಿ."

"ಪೊಲೀಸರು ಬರ್ತಿದಾರೆ."

"ಹೂಂ. ಬರ್ತಾರೆ." ಆಮೇಲೆ ಕೇಳಿದಳು, "ನನ್ನ ನಂಬರು ಯಾವ ಪಟ್ಟೀಲೂ ಬರಲ್ಲ ಅಂದಿದ್ರು. ಹೇಗೆ ಹೋಯ್ತು?"

"ಬೇರೆ ಹಾಳೇಲಿ ಬರ್ಕೊಂಡಿದ್ದೆ. ನವೆಂಬರಿನಲ್ಲಿ. ಡ್ರೈವರಿಗೆ ಗೊತ್ತಾಗ್ಲಿ ಅಂತ."

"ನೀನೇನಾ?"

"ನಾನೇ."

ಗುನ್ವೋರ್ ಕಾದಳು. ಬೈಯಲಿ, ಕೈ ಎತ್ತಲಿ, ಒಂದು ಆಲೂಗಡ್ಡೆ ತೆಗೆದು ಎಸೆಯಲಿ ಎಂದು ಕಾದಳು. ಅಂಥದ್ದೇನಾದರೂ ಆಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಮಲೀನ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ನಾನು ಆವತ್ತು ನಿನ್ನ ಹತ್ರ ಬರಬಾರ್ದಿತ್ತು," ಅಂದಳು ಕೊನೆಗೆ. "ಎರಡು ವಾರ ತಾನೆ. ನಡೆಸ್ಕೊಂಡೇ ಕರ್ಕೊಂಡು ಬರಬಹುದಿತ್ತು. ನಾಲ್ಕು ಕಿಲೋಮೀಟರು ಏನು ಮಹಾ. ಆದ್ರೆ ಮೂರು ತಿಂಗಳಾಗಿತ್ತಲ್ಲ, ಏನೂ ಆಗಿರ್ಲಿಲ್ಲ. ಎಲ್ಲರ ಹಾಗೆ ನಾನೂ ಒಂದು ಸಲ ಹೋಗಿ ಕೇಳೋಣ ಅನ್ನಿಸ್ತು."

"ಅದು ನಿನ್ನ ತಪ್ಪಲ್ಲ, ಮಲೀನ್. ಕೇಳೋದು ತಪ್ಪಾಗುತ್ತಾ?"

"ನಿಂಗೆ ತಪ್ಪಾಗಲ್ಲ," ಅಂದಳು ಮಲೀನ್. ದನಿಯಲ್ಲಿ ಕೋಪವಿರಲಿಲ್ಲ. ಅಂಗಡಿಯ ವೇಳಾಪಟ್ಟಿ ಓದಿ ಹೇಳಿದಂತಿತ್ತು. ಅವಳು ಎದ್ದು ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಚೀಲದ ಮೇಲಿಟ್ಟಳು. ಟೊಪ್ಪಿಯನ್ನು ಅದರ ಮೇಲಿಟ್ಟಳು. ಫೋನನ್ನು ಆಫ್ ಮಾಡಿ ಗುನ್ವೋರಳ ಕೈಗೆ ಕೊಟ್ಟಳು. "ಪೊಲೀಸರಿಗೆ ಕೊಡು. ನಂಗೆ ಇನ್ನು ಬೇಡ." ಹೊರಗೆ ಹೋಗುವಾಗ ಅಡುಗೆಯವಳಿಗೆ, "ತಣ್ಣನೆ ಕೋಣೇಲಿ ಇರೋ ಹಿಟ್ಟು ನಾಳೆಗೆ. ಇವತ್ತೇ ಖಾಲಿ ಮಾಡ್ಬಿಡ್ಬೇಡ," ಎಂದು ಹೇಳಿದ್ದು ಗುನ್ವೋರಳಿಗೆ ಕೇಳಿಸಿತು.

ಪೊಲೀಸರು ಬರುವವರೆಗೆ ಅವರನ್ನು ಹೆಡ್ ಮಾಸ್ತರ ಕೋಣೆಯಲ್ಲಿ ಕೂರಿಸಿದರು. ಅಂಗಳದ ಕಡೆಯ ಪರದೆ ಎಳೆದರು. ತೂವಾಳನ್ನು ಗಣಿತದ ತರಗತಿಯ ಮಧ್ಯದಿಂದ ಕರೆತಂದದ್ದು ಮಲೀನಳೇ. ಮಗು ಬರುವಾಗಲೇ ಜಾಕೆಟ್ಟು, ಬೂಟು ಎಲ್ಲ ಹಾಕಿಕೊಂಡು ಬಂದಿತ್ತು, ಬೆನ್ನಿಗೆ ಚೀಲ. ಯಾಕೆ ಎಂದು ಕೇಳಲಿಲ್ಲ. ಕೆನ್ನೆಯ ಬಿಳಿ ಕಲೆ ಈಗ ತೆಳ್ಳಗೆ ಗುಲಾಬಿಯಾಗಿ ಉಳಿದಿತ್ತು.

"ಮನೆಯಿಂದ ಏನಾದ್ರೂ ತರಬೇಕಾ?" ಗುನ್ವೋರ್ ಕೇಳಿದಳು. "ಸಿಕ್ಸ್ಟೆನ್ ಹೋಗ್ತೀನಿ ಅಂತಿದಾನೆ, ಪೊಲೀಸರ ಜೊತೆ. ಏನು ಬೇಕೋ ಬರ್ಕೊಡು."

"ಹೋಗಿ ತರಬೇಕಾದಂಥದ್ದನ್ನ ನಾನು ಮನೇಲಿ ಇಡಲ್ಲ," ಅಂದಳು ಮಲೀನ್.

"ನನ್ನ ಸ್ಕೇಟು?" ತೂವಾ ಕೇಳಿತು.

"ಅಲ್ಲಿ ಬೇರೆ ತಗೊಳ್ಳೋಣ."

"ಅಲ್ಲಿ ಹಿಮ ಇರುತ್ತಾ?"

"ಗೊತ್ತಿಲ್ಲ ಪುಟ್ಟಾ."

ಮಗು ಸ್ವಲ್ಪ ಯೋಚಿಸಿ, "ಹೋದ ಸಲ ಸಮುದ್ರ ಇತ್ತು," ಎಂದು ಗುನ್ವೋರಳಿಗೆ ಹೇಳಿತು. "ಅದಕ್ಕೂ ಮುಂಚೆ ಒಂದು ಕಡೆ ಲಿಫ್ಟ್ ಇತ್ತು." ಮಲೀನ್ ಅದರ ಮೊಣಕಾಲ ಮೇಲೆ ಕೈ ಇಟ್ಟಳು. ಮಗು ಕೂಡಲೇ ಬಾಯಿ ಮುಚ್ಚಿತು.

ಪೊಲೀಸರು ಬಂದದ್ದು ಒಂದೂ ಇಪ್ಪತ್ತಕ್ಕೆ. ಇಬ್ಬರು, ಅವರಲ್ಲಿ ಹಿರಿಯಳು ಹೆಂಗಸು. ಬರುವ ದಾರಿಯಲ್ಲಿ ಸ್ಟೂರ್‌ಮೀರನ್ ತಿರುವಿಗೆ ಹೋಗಿ ನೋಡಿಯೇ ಬಂದಿದ್ದರು. "ಅಲ್ಲಿ ಯಾರೂ ಇಲ್ಲ," ಅಂದಳು ಅವಳು, ಕೈಗವಸು ಬಿಚ್ಚುತ್ತ. "ಗಾಲಿಯ ಗುರುತು ಇದೆ. ಹಿಮದ ಗಾಡಿಯದ್ದಲ್ಲ, ಕಾರಿನದ್ದು. ಅಲ್ಲಿ ಬಂದು ತುಂಬ ಹೊತ್ತು ನಿಂತು ಹೋಗಿದಾರೆ, ಕೆಳಗೆ ಹಿಮ ಕರಗಿದೆ. ಯಾರೋ ಬೇಟೆಯವರೂ ಇರಬಹುದು."

"ಫೆಬ್ರವರೀಲಿ ಯಾವ ಬೇಟೆ?" ಹೆಡ್ ಮಾಸ್ತರು ತಮಗೇ ಎಂಬಂತೆ ಅಂದರು.

ಗುನ್ವೋರ್ ಎರಡೂ ಪತ್ರಗಳನ್ನು ಅಚ್ಚು ಹಾಕಿ ತಂದಿದ್ದಳು. ಪೊಲೀಸಿನವಳು ಓದಿದಳು. "ತುಂಬ ಸಭ್ಯವಾಗಿದೆ," ಅಂದಳು. "ಇದನ್ನ ಅವನೇ ಬರೆದ ಅಂತ ತೋರ್ಸೋದು ಕಷ್ಟ. ತೋರ್ಸಿದ್ರೂ, ಬಸ್ಸಿನ ವೇಳೆ ಕೇಳೋದು ಅಪರಾಧ ಅಲ್ಲ."

"ಮತ್ತೆ?" ಗುನ್ವೋರ್ ಕೇಳಿದಳು.

"ಮತ್ತೆ ಇವರು ಹೋಗ್ಬೇಕು."

ಅಷ್ಟರಲ್ಲಿ ಕಲ್ಯಾಣ ಅಧಿಕಾರಿ ಫೋನಿಗೆ ಸಿಕ್ಕಿದ್ದಳು. ಪೊಲೀಸಿನವಳು ಕಾರಿಡಾರಿಗೆ ಹೋಗಿ ಮಾತಾಡಿ ಬಂದು, ಮಲೀನಳ ಮುಂದೆ ಮೊಣಕಾಲೂರಿ ಕೂತಳು. ಇವತ್ತು ರಾತ್ರಿಗೆ ಒಂದು ಕಡೆ ಜಾಗವಾಗಿದೆ, ಎಲ್ಲಿ ಎಂದು ಕಾರು ಹೊರಟ ಮೇಲೆ ಹೇಳುತ್ತಾರೆ. ಮರೆಯಲ್ಲಿಟ್ಟ ವಿಳಾಸ ಇನ್ನು ಸಾಲುವುದಿಲ್ಲ. ಈ ಸಲ ಅರ್ಜಿ ಹಾಕಿ ಎಲ್ಲವನ್ನೂ ಬದಲಾಯಿಸುವುದು: ಹೆಸರು, ಹುಟ್ಟಿದ ದಿನ, ಗುರುತಿನ ನಂಬರು. ಮಲೀನಳ ಅಮ್ಮನಿಗೂ ಹೊಸ ಹೆಸರು ತಿಳಿಯುವ ಹಾಗಿಲ್ಲ. ಇಲ್ಲಿಯವರೆಗೆ ಭಾನುವಾರಕ್ಕೊಮ್ಮೆ ಅಮ್ಮನಿಗೆ ಮಾಡುತ್ತಿದ್ದ ಫೋನೂ ಇನ್ನಿರುವುದಿಲ್ಲ.

"ಎಷ್ಟು ದಿನ?" ಮಲೀನ್ ಕೇಳಿದಳು.

ಪೊಲೀಸಿನವಳು ಅವಳನ್ನೇ ನೋಡಿದಳು. "ಅದಕ್ಕೆ ದಿನ ಅಂತ ಇರಲ್ಲ."

ಮಲೀನ್ ತಲೆಯಾಡಿಸಿದಳು. ಎದ್ದು, ಫೋನ್ ಒಂದು ಮಾಡಬಹುದೇ, ಅಮ್ಮನಿಗೆ, ಕೊನೆಯದು, ಎಂದು ಕೇಳಿದಳು. ಪೊಲೀಸಿನವಳು ತನ್ನದನ್ನು ಕೊಟ್ಟಳು. ಅವಳು ಕಾರಿಡಾರಿನ ತುದಿಗೆ ಹೋಗಿ, ಕೋಟುಗಳನ್ನು ನೇತುಹಾಕಿದ್ದ ಗೋಡೆಗೆ ಮುಖ ಮಾಡಿ ನಿಂತಳು. ಮಾತಾಡಿದ್ದು ಕೇಳಿಸಲಿಲ್ಲ. ಒಂದು ಸಲ ಮಾತ್ರ ನಕ್ಕಂತೆ ಕೇಳಿಸಿತು. ಅಮ್ಮನಿಗೆ ಗೊತ್ತಾಗಬಾರದೆಂದು ಇರಬೇಕು.

ಸಿಕ್ಸ್ಟೆನ್ ಬಾಗಿಲಿಗೆ ಬಂದು ನಿಂತವನು ಒಳಗೆ ಬರಲಿಲ್ಲ. ಎಲ್ಲ ಫೈಲುಗಳನ್ನೂ ಹುಡುಕುವ ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ, ಹಿಂದೆ ಇನ್ನೊಂದು ಹಾಳೆ ಇದ್ದರೆ ಫೈಲು ಹೊರಗೆ ಹೋಗದಂತೆ ತಡೆಯುತ್ತದೆ, ಸೋಮವಾರದ ಹೊತ್ತಿಗೆ ಸಿದ್ಧ ಎಂದು ಗುನ್ವೋರಳನ್ನು ಬಾಗಿಲಿಗೆ ಕರೆದು ಕಿವಿಯಲ್ಲಿ ಪಿಸುಗುಟ್ಟಿದ. ಅವಳು "ಒಳ್ಳೇದು ಕಣೋ" ಅಂದಳು. ಅವನ ಕಣ್ಣು ಕೆಂಪಾಗಿತ್ತು. ಹೊರಗೆ ಪೊಲೀಸರ ಕಾರನ್ನು ಬೆಚ್ಚಗಾಗಲು ಚಾಲೂ ಮಾಡಿ ಬಿಟ್ಟಿದ್ದರು.

ತೂವಾ ಅಷ್ಟು ಹೊತ್ತೂ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಈಗ ಕುರ್ಚಿಯಿಂದ ಇಳಿದು ಮೇಜಿನ ಹತ್ತಿರ ಬಂದಿತು.

"ಈ ಸಲ ಹೆಸರೂ ಹೋಗುತ್ತಾ?"

"ಹೂಂ," ಅಂದಳು ಪೊಲೀಸಿನವಳು. "ಹೊಸದು ಇಟ್ಕೋಬೇಕು."

"ನಾನೇ ಇಟ್ಕೋಬಹುದಾ?"

"ಇಟ್ಕೋಬಹುದು. ಅಮ್ಮನ್ನ ಕೇಳ್ಕೊಂಡು."

ಮಗು ಹೆಡ್ ಮಾಸ್ತರ ಮೇಜಿನ ಟ್ರೇಯಿಂದ ಒಂದು ಕಾಗದ ಎಳೆದುಕೊಂಡಿತು. ಪೆನ್ಸಿಲನ್ನು ನಾಲಗೆಗೆ ಮುಟ್ಟಿಸಿ ಏನೋ ಬರೆಯಿತು. ನೋಡಿತು. ಹೊಡೆದುಹಾಕಿತು. ಇನ್ನೊಂದು ಬರೆಯಿತು, ಅದನ್ನೂ ಹೊಡೆದುಹಾಕಿತು.

"ನಿಂಗೆ ಯಾವ್ದು ಇಷ್ಟ?" ಎಂದು ಗುನ್ವೋರಳನ್ನು ಕೇಳಿತು.

ಗುನ್ವೋರಳಿಗೆ ಎಷ್ಟೋ ಹೆಸರುಗಳು ಗೊತ್ತಿದ್ದವು. ಮೂವತ್ತೊಂದು ವರ್ಷ ಈ ಊರಿನಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ಹೆಸರೂ ಅವಳ ಕೈಯ ಕೆಳಗೇ ಹಾದುಹೋಗಿತ್ತು. ಬಾಯಿ ತೆರೆದಳು. ಕಾರಿಡಾರಿನಿಂದ ವಾಪಸು ಬಂದ ಮಲೀನ್ ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದಳು.

"ನೀನೇ ಹುಡುಕ್ಕೋ," ಅಂದಳು ಗುನ್ವೋರ್.

ಮಗು ಕಿಟಕಿಯ ಪರದೆಯನ್ನು ನೋಡುತ್ತ ನಿಂತಿತು. ತುಟಿ ಅಲ್ಲಾಡುತ್ತಿತ್ತು, ಯಾವುದೋ ಒಂದನ್ನು ಒಳಗೊಳಗೇ ಕೂಗಿ ನೋಡುತ್ತಿತ್ತು, ಮೈದಾನದಾಚೆಯಿಂದ ಯಾರೋ ಕರೆದಂತೆ. ಆಮೇಲೆ ತಲೆ ಬಗ್ಗಿಸಿ ನಿಧಾನವಾಗಿ, ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿತು. ಗುನ್ವೋರ್ ತನಗರಿವಿಲ್ಲದೆ ಒಂದಿಷ್ಟು ಮುಂದಕ್ಕೆ ಬಾಗಿದಳು. ತೂವಾ ತಲೆ ಎತ್ತಲಿಲ್ಲ. ಎಡಗೈಯನ್ನು ಕಾಗದದ ಮೇಲೆ ಅಡ್ಡ ಇಟ್ಟು, ಬೆರಳುಗಳ ನಡುವೆ ಸಂದಿಯಿಲ್ಲದಂತೆ ಒತ್ತಿ ಜೋಡಿಸಿ, ಅದರ ಮರೆಯಲ್ಲಿ ಉಳಿದ ಅಕ್ಷರಗಳನ್ನು ಬರೆಯಿತು.